ಡಬ್ಬಿ ಪುಡಿಯಿಂದ ಮರೆವು ಹೋಗುತ್ತಾ?

ಮಾನ್ಯ ಸಂಪಾದಕರೇ,

ನಮ್ಮಮ್ಮನಿಗೆ ಅಲ್ಝೈಮರ್. ಹಾಲು ಉಕ್ಕಿ ಒಲೆಯೆಲ್ಲಾ ಹರಿದಿದ್ದರೂ 'ಹಾಲು ಇಟ್ಟೆಯಾ?' ಅಂತ ಕೇಳುತ್ತಾರೆ. ಮೊನ್ನೆ ನೆಂಟರೊಬ್ಬರು ಜಾಹೀರಾತು ನೋಡಿ 'ಕಾರ್ಟಿಸೋಲ್ ಇಳಿಸುವ' ಪುಡಿ ತಂದುಕೊಟ್ಟರು. ಟೆನ್ಶನ್ ಇಳಿದರೆ ಮರೆವೂ ಹೋಗುತ್ತಂತೆ. ಅಷ್ಟು ಸುಲಭನಾ?

ಕಾರ್ಟಿಸೋಲ್ ಅಂದರೆ ಟೆನ್ಶನ್ ಆದಾಗ ಹೆಚ್ಚುವ ಹಾರ್ಮೋನು. ಅದು ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿಯಿಂದ ಬರುತ್ತದೆ, ಸರಿ. ಆದರೆ ಮಿದುಳಿನ ಕೋಶಗಳ ಒಳಗೂ ಒಂದು ಕಿಣ್ವವಿದೆ, ಅದು ಕೆಲಸ ಮಾಡದೆ ಸುಮ್ಮನೆ ಬಿದ್ದಿರುವ ರೂಪವಾದ ಕಾರ್ಟಿಸೋನ್ ಅನ್ನು ಮತ್ತೆ ಕಾರ್ಟಿಸೋಲ್ ಮಾಡಿಬಿಡುತ್ತದೆ, ಅದೂ ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್‌ನಲ್ಲೇ. ಎಡಿನ್‌ಬರೋ ವಿಶ್ವವಿದ್ಯಾಲಯದವರು ಆ ಕಿಣ್ವವನ್ನೇ ತಡೆಯುವ ಔಷಧ ಹುಡುಕಿದರು. ಅದೇ ಕ್ಸಾನಮೆಮ್. ಆಸ್ಟ್ರೇಲಿಯಾದ ಆಕ್ಟಿನೋಜೆನ್ ಕಂಪನಿ ಅದನ್ನು ಕಾಯಿಲೆಯ ಶುರುವಿನ ಹಂತದವರಲ್ಲಿ 12 ವಾರ ಪರೀಕ್ಷಿಸಿತು. 2019ರಲ್ಲಿ ಫಲಿತಾಂಶ ಬಂದಾಗ ನೆನಪಿನಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಇರಲಿಲ್ಲ. ಆದರೂ ಕೈಬಿಡದೆ 36 ವಾರಗಳ ಇನ್ನೊಂದು ಪರೀಕ್ಷೆಗೆ ಇಳಿದರು. ನನಗೆ ಇದು ಇಷ್ಟವಾಯಿತು, ಸೋಲನ್ನು ಮುಚ್ಚಿಡಲಿಲ್ಲ ಅಲ್ವಾ.

ಗುರಿಯಿಟ್ಟು ಮಾಡಿದ ಮಾತ್ರೆಯೇ ಇಷ್ಟು ಒದ್ದಾಡುತ್ತಿರುವಾಗ ಡಬ್ಬಿ ಪುಡಿ ಏನು ಮಾಡೀತು? ಇಂಥ ಜಾಹೀರಾತು ಹಾಕುವ ಮುಂಚೆ ಪತ್ರಿಕೆಗಳು ಒಬ್ಬ ನರರೋಗ ತಜ್ಞರನ್ನಾದರೂ ಕೇಳಲಿ. ನಮ್ಮನೆ ಡಬ್ಬಿಯಂತೂ ಸೀಲ್ ಒಡೆಯದೆ ಅಟ್ಟ ಸೇರಿದೆ.

– ಒಬ್ಬ ಓದುಗ, ಮೈಸೂರು