ಶನಿವಾರದ ಕೇನ್ ಗಲ್ಚ್ ಕಣಿವೆಯ ನಡಿಗೆ: ಬರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಯೂಟಾದ 261ನೇ ಹೆದ್ದಾರಿಯಲ್ಲಿರುವ ಕೇನ್ ಗಲ್ಚ್ ರೇಂಜರ್ ಕಚೇರಿಯ ಮುಂದೆ ಬೆಳಿಗ್ಗೆ 7ಕ್ಕೆ ಸೇರೋಣ. ಏಳು ಎಂದರೆ ಏಳೇ. ಕಳೆದ ಬಾರಿಯಂತೆ ಎಂಟೂವರೆಯಲ್ಲ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಹಳೆಯ ಕಾಲದ ಮನೆಗಳ ಅವಶೇಷವಿರುವ ಜಂಕ್ಷನ್ ರುಯಿನ್‌ಗೆ ಹೋಗಲು ನಾಲ್ಕು ಮೈಲಿ, ಬರಲು ನಾಲ್ಕು. ಬೆಳಿಗ್ಗೆ ಇಳಿಜಾರು, ಬಿಸಿಲೇರಿದ ಮೇಲೆ ಏರು. ಆದ್ದರಿಂದ ತಲೆಗೆ ನಾಲ್ಕು ಲೀಟರ್ ನೀರು ಕಡ್ಡಾಯ. ದಿನದ ಪರವಾನಗಿ ನಾನು ಮಾಡಿಸುತ್ತೇನೆ. ನಾಯಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಮಳೆಯ ಮುನ್ಸೂಚನೆ ಇದ್ದರೆ ಕಾರ್ಯಕ್ರಮ ರದ್ದು: ಎಲ್ಲೋ ದೂರದಲ್ಲಿ ಸುರಿದ ಮಳೆಯೂ ಒಣ ಹಳ್ಳಕ್ಕೆ ದಿಢೀರನೆ ಪ್ರವಾಹ ತರುತ್ತದೆ.

ಬಂಡೆಯ ಚಾಚಿನಡಿ ನಿಂತಿರುವ ಆ ಮನೆಗಳನ್ನು ಕಟ್ಟಿದವರು ಇಂದಿನ ಪುಯೆಬ್ಲೊ ಎಂಬ ಮೂಲನಿವಾಸಿ ಜನರ ಪೂರ್ವಜರು. 13ನೇ ಶತಮಾನದ ಕೊನೆಯ ಹೊತ್ತಿಗೆ ಈ ಸೀಮೆ ಬಿಟ್ಟರು. ಗೋಡೆಯ ಮಣ್ಣಿನ ಮೆತ್ತಿಗೆಯನ್ನು ಹತ್ತಿರದಿಂದ ನೋಡಿ, ಒತ್ತಿದ ಬೆರಳುಗಳ ಗುರುತು ಇನ್ನೂ ಕಾಣಬಹುದು. ನೋಡಿ ಎಂದೆ, ಮುಟ್ಟಿ ಎನ್ನಲಿಲ್ಲ. ಗೋಡೆಗೆ ಒರಗಿ ಫೋಟೊ ಬೇಡ. ಕಿರುಬೆರಳುದ್ದದ ಜೋಳದ ದಿಂಡು, ಬಣ್ಣದ ಮಡಕೆ ಚೂರು ಕಂಡರೆ ಇದ್ದಲ್ಲೇ ಇರಲಿ. ಜೇಬಿಗೆ ಹಾಕಿಕೊಳ್ಳುವುದು ಅಪರಾಧ. ದಾರಿಯಂಚಿನ ಕಪ್ಪು ಹೊಪ್ಪಳೆಯಂಥ ಮಣ್ಣಿಗೆ ಜೀವವಿದೆ, ತುಳಿಯಬೇಡಿ.

ಊಟಕ್ಕೆ ಚಪಾತಿ, ಚಟ್ನಿಪುಡಿ ನನ್ನದು. ಮೊಸರನ್ನ ತರುವವರು ಇಲ್ಲೇ ತಿಳಿಸಿ. ಕಿತ್ತಳೆ ಸಿಪ್ಪೆಯೂ ವಾಪಸ್ ಚೀಲಕ್ಕೇ ಬರಬೇಕು. ಹೆಸರು ಕೊಡಲು ಗುರುವಾರ ರಾತ್ರಿಯೇ ಕೊನೆ.