ಕೇಳಿದರೆ ಕುದುರೆಗೆ ತೊಂದರೆ ಎಂದು ಸುಮ್ಮನಿರಬೇಡ

ಮೈಸೂರು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ, ಅದನ್ನಿಲ್ಲಿ ಬರೆಯುವುದಿಲ್ಲ. ನಿನ್ನ ಕಾಗದದ ಮೂರನೇ ಪುಟದ ಒಂದು ಸಾಲು ಎರಡು ರಾತ್ರಿ ನನಗೆ ನಿದ್ದೆ ಬರಗೊಡಲಿಲ್ಲ. "ಕೇಳಿದರೆ ಆ ಸಿಟ್ಟನ್ನು ನಾನಿಲ್ಲದಾಗ ಚಂದ್ರಿ ಮೇಲೆ ತೀರಿಸಿಕೊಳ್ಳುತ್ತಾರೆ ದೊಡ್ಡಪ್ಪ, ಅದಕ್ಕೇ ಸುಮ್ಮನಿದ್ದೇನೆ" ಎಂದು ಬರೆದಿದ್ದೀಯ.

ನೀನು ಲಾಯದಲ್ಲಿ ಬಿಟ್ಟಿರುವ ನಿನ್ನ ಕುದುರೆ ಚಂದ್ರಿಯನ್ನು ನಿನ್ನನ್ನು ಕೇಳದೆ ಯಾರೋ ಹತ್ತಿದ್ದಾರೆ ಅನ್ನುವುದಕ್ಕಿಂತ ಈ "ಸುಮ್ಮನಿದ್ದೇನೆ" ಅನ್ನುವ ಮಾತೇ ನನ್ನನ್ನು ಹೆಚ್ಚು ಕಾಡುತ್ತಿದೆ. ಚಂದ್ರಿಯ ಮುಂದಿನ ಬಲಗಾಲಿನ ಟೆಂಡನ್, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಹರಿದು ಈಗ 11 ವಾರ. ಬಹಳ ಮೋಸದ ಸಮಯ ಇದು. ಊತ ಇಳಿದಿರುತ್ತದೆ, ಕುಂಟು ಹೋಗಿರುತ್ತದೆ, ಅಂಗಳದಲ್ಲಿ ನಡೆಸಿದರೆ ನೋಡುವವರ ಕಣ್ಣಿಗೆ ಪೂರ್ತಿ ವಾಸಿಯಾದ ಕುದುರೆ. ಒಳಗೆ ಮಾತ್ರ ಹೊಸದಾಗಿ ಕೂಡಿಕೊಂಡ ಎಳೆಗಳು ಇನ್ನೂ ಅಡ್ಡಾದಿಡ್ಡಿಯಾಗಿವೆ, ಹಗ್ಗದ ಹುರಿಯಂತೆ ಒಂದೇ ದಿಕ್ಕಿಗೆ ಸೇರಿಲ್ಲ. ನಿಧಾನದ ನಡಿಗೆ ಅವನ್ನು ಸಾಲಿಗೆ ತರುತ್ತದೆ, ಕ್ಯಾಂಟರಿನ ಓಟ ಹರಿದುಹಾಕುತ್ತದೆ. ಪೂರ್ತಿ ಕೂಡುವುದಕ್ಕೆ 9ರಿಂದ 12 ತಿಂಗಳು ಬೇಕು. "ಚೆನ್ನಾಗೇ ಇದೆಯಲ್ಲ, ಒಂದು ಸುತ್ತು ಹೊಡೆದರೆ ಏನಾಗುತ್ತೆ" ಎಂದು ಹತ್ತಿದವರಿಗೆ ಇದು ಗೊತ್ತಿರಲಾರದು. ನಿನಗೆ ಗೊತ್ತಿದೆ. ಗೊತ್ತಿದ್ದವರು ಬಾಯಿ ಬಿಡದಿದ್ದರೆ ಅವರಿಗೆ ಹೇಳುವವರು ಯಾರು?

ಸೇಡಿನ ಭಯ ನಿನ್ನ ಕಲ್ಪನೆ ಅಂತ ನಾನು ಹೇಳುವುದಿಲ್ಲ ಮಗಳೇ. ಕುದುರೆ ಬಾಯಿ ಬಿಟ್ಟು ಹೇಳುವುದಿಲ್ಲ, ರಾತ್ರಿ ಎಂಟಕ್ಕೆ ಲಾಯದಲ್ಲಿ ಏನಾಯಿತು ಅನ್ನುವುದು ನಿನಗೆ ಕಾಣುವುದಿಲ್ಲ. ಆದರೆ ಒಂದು ಯೋಚನೆ ಮಾಡು. ಸಿಟ್ಟಿಗೆ ಅವರು ಒಂದು ಹೊತ್ತಿನ ಮೇವು ತಪ್ಪಿಸಬಹುದು, ಹಸಿ ಹಾಸನ್ನು ಹಾಗೇ ಬಿಡಬಹುದು, ಒರಟಾಗಿ ಎಳೆದಾಡಬಹುದು. ಇವೆಲ್ಲ ಕಣ್ಣಿಗೆ ಬೀಳುವಂಥವು, ಸರಿಪಡಿಸುವಂಥವು. ಇನ್ನೊಂದು ಭಾನುವಾರ ಯಾರೋ ಹತ್ತಿ ಟೆಂಡನ್ ಮತ್ತೆ ಹರಿದರೆ ಸರಿಪಡಿಸುವುದು ಏನಿದೆ? ಎರಡು ಭಯ ತಕ್ಕಡಿಗೆ ಹಾಕಿದರೆ ಯಾವುದು ತೂಗುತ್ತದೆ ಎಂದು ನೀನೇ ನೋಡು.

ಲಾಯಗಳಲ್ಲೇ ತಲೆ ನರೆತವನು ನಾನು. ಕಂಡರೂ ಕಾಣದವನ ಹಾಗೆ ಹೊರಗೆ ಬಂದ ದಿನಗಳು ನನ್ನ ಲೆಕ್ಕದಲ್ಲೂ ಇವೆ. ಆ ಕಥೆ ಬೇಡ. ಹೇಳಬೇಕಾದ ಮಾತನ್ನು ಆ ಹೊತ್ತಿಗೆ ಹೇಳದಿದ್ದದ್ದು ಈ ವಯಸ್ಸಿನಲ್ಲೂ ಎದೆಯಲ್ಲಿ ಕೂತಿದೆ, ನಿನ್ನ ಎದೆಯಲ್ಲಿ ಕೂರುವುದು ಬೇಡ ಎಂದೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸೋಮವಾರ ಬೆಳಗ್ಗೆ ಬೆನ್ನ ಮೇಲೆ ಬೆವರೊಣಗಿದ ಬಿಳಿ ಉಪ್ಪು ಕಂಡಿತು, ಅದು ಸವಾರಿಯ ಗುರುತೇ ಹೌದೋ ಅಲ್ಲವೋ ಎಂದು ಅನುಮಾನ ಅಂದೆಯಲ್ಲ. ಸೆಕೆಗೆ ಬೆವರಿದರೆ ಎದೆ, ಪಕ್ಕೆ, ತೊಡೆಯ ಸಂದಿ ಒದ್ದೆಯಾಗುತ್ತವೆ, ಅಂಚು ಇರುವುದಿಲ್ಲ. ಹೊಟ್ಟೆನೋವಿಗೆ ಬೆವರಿದರೆ ಅಲ್ಲಲ್ಲಿ ತೇಪೆ ತೇಪೆಯಾಗಿ ಬೆವರಿ, ಮೈತುಂಬ ಹಾಸಿನ ಹೊಟ್ಟು ಮೆತ್ತಿರುತ್ತದೆ. ಜೀನಿನ ಬೆವರಿಗೆ ಗೆರೆ ಎಳೆದಂಥ ಅಂಚಿರುತ್ತದೆ, ಆ ಅಂಚಿನೊಳಗೆ ಕೂದಲು ಒತ್ತಿ ಮಲಗಿರುತ್ತದೆ. ನೀರು ಹೊಡೆದು ತೊಳೆದಿದ್ದರೂ ಎರಡು ಕಡೆ ಅವಸರಕ್ಕೆ ಕೈ ಹೋಗಿರುವುದಿಲ್ಲ. ಒಂದು, ಮುಂಗಾಲಿನ ಹಿಂದೆ ಹೊಟ್ಟೆಪಟ್ಟಿ ಕೂರುವ ತಗ್ಗು. ಇನ್ನೊಂದು, ಕಿವಿಗಳ ಹಿಂದೆ ಲಗಾಮಿನ ಪಟ್ಟಿ ಹಾಯುವ ಜಾಗ. ಬೆರಳಿನಿಂದ ಕೂದಲನ್ನು ಎದುರು ದಿಕ್ಕಿಗೆ ತಿರುವಿ ನೋಡು, ಬುಡದಲ್ಲಿ ಉಪ್ಪು ಪುಡಿಪುಡಿಯಾಗಿ ಉಗುರಿಗೆ ಸಿಗುತ್ತದೆ. ತುಟಿಯ ಮೂಲೆಗಳನ್ನೂ ಎತ್ತಿ ನೋಡು, ಕಡಿವಾಣ ಉಜ್ಜಿದ್ದರೆ ಕೆಂಪಾಗಿರುತ್ತದೆ.

ಕಾಲು ಮುಟ್ಟಿ ನೋಡುವುದನ್ನು ದಿನದ ಅಭ್ಯಾಸ ಮಾಡಿಕೋ. ಅಂಗೈ ಬೇಡ, ಕೈಯ ಹಿಂಭಾಗ. ಮೊಣಕಾಲಿನ ಕೆಳಗೆ, ಹಿಂಬದಿಯಲ್ಲಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸವರು. ಮೊದಲು ಎಡಗಾಲು, ಆಮೇಲೆ ಬಲಗಾಲು. ಒಂದು ಕಡೆ ಬಿಸಿ, ಅಥವಾ ನೇರ ಇರಬೇಕಾದ ಗೆರೆ ಬಿಲ್ಲಿನ ಹಾಗೆ ಹೊರಕ್ಕೆ ಉಬ್ಬಿದ್ದರೆ ಅವತ್ತಿನ ನಡಿಗೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡು. ತಣ್ಣೀರು 20 ನಿಮಿಷ ಬಿಡು, ಅದರಿಂದ ಕೇಡಿಲ್ಲ.

ನೋಡು, ನಿನ್ನ ಭಯದ ಮಾತು ಬಿಟ್ಟು ಎಲ್ಲಿಗೋ ಬಂದೆ. ಕೇಳುವುದು ಹೇಗೆ ಅನ್ನುವುದಕ್ಕೆ ಬರುತ್ತೇನೆ. ನನಗೆ ತೋಚಿದ್ದು ಇಷ್ಟು, ಅಲ್ಲಿರುವವಳು ನೀನು, ನಿನಗೆ ಸರಿಕಂಡಂತೆ ಮಾಡು.

"ಯಾರು ಹತ್ತಿದ್ದು" ಎಂದು ಕೇಳಬೇಡ. ಆ ಪ್ರಶ್ನೆ ಬಂದ ಕೂಡಲೇ ಲಾಯವೆಲ್ಲ ಒಂದಾಗುತ್ತದೆ, ಕೊನೆಗೆ ತಪ್ಪು ಕುದುರೆ ನೋಡಿಕೊಳ್ಳುವ ಸೈಸ್‌ನ ತಲೆಗೆ ಬರುತ್ತದೆ. ಎಷ್ಟೋ ಸಲ ಅವನು ಹೇಳಿದ್ದನ್ನು ಮಾಡಿದವನು ಅಷ್ಟೇ. ಭಾನುವಾರ ಮಕ್ಕಳ ತರಗತಿಗೆ ಕುದುರೆ ಸಾಲದಾದಾಗ "ಅದನ್ನೂ ತಾ" ಅನ್ನುವವರು ಬೇರೆ. ಕೆಲವೊಮ್ಮೆ ಒಳ್ಳೆಯದಕ್ಕೇ ಹತ್ತುತ್ತಾರೆ. ರೇಸ್‌ಕೋರ್ಸಿನಲ್ಲಿ ಪಳಗಿದ ಸೈಸ್‌ಗಳಿಗೆ, ಕಟ್ಟಿಹಾಕಿದ ಕುದುರೆ ಹುಚ್ಚೇಳುತ್ತದೆ, ಬೆಳಗ್ಗೆ ಕೆಲಸ ಕೊಡಲೇಬೇಕು ಅನ್ನುವುದು ಮೈಗಂಟಿದ ನಂಬಿಕೆ. ಚಂದ್ರಿಗೆ ಓಟ್ಸ್ ಕಡಿಮೆ ಮಾಡಿಸಿದ್ದೀಯ ತಾನೆ? ನಿಂತ ಕುದುರೆಗೆ ಓಡುವ ಕುದುರೆಯ ಕಾಳು ಕೊಟ್ಟರೆ ಅದು ಕುಣಿಯುತ್ತದೆ, ಕುಣಿದರೆ ಯಾರಾದರೂ ಹತ್ತಿ ದಣಿಸೋಣ ಅನ್ನುತ್ತಾರೆ. ಹುಲ್ಲು ಹೆಚ್ಚಿಸು, ಕಾಳು ಇಳಿಸು.

ನಿನ್ನ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸು: ಗಾಯ ಯಾವುದು, ಎಷ್ಟು ನಿಮಿಷ ಕೈಯಲ್ಲಿ ಹಿಡಿದು ನಡೆಸಬೇಕು, ಮುಂದಿನ ಸ್ಕ್ಯಾನ್ ಯಾವಾಗ, ಅಲ್ಲಿಯವರೆಗೆ ಸವಾರಿಯೂ ಇಲ್ಲ, ಲಂಜಿಂಗೂ ಇಲ್ಲ. ಲಂಜಿಂಗ್ ಎಂದು ಬಿಡಿಸಿ ಬರೆಸು, ಇಲ್ಲವಾದರೆ "ಹತ್ತಲಿಲ್ಲ, ಹಗ್ಗ ಹಿಡಿದು ಸುತ್ತಿಸಿದೆವು ಅಷ್ಟೇ" ಅನ್ನುತ್ತಾರೆ. ಹರಿದ ಟೆಂಡನ್‌ಗೆ ಸಣ್ಣ ಸುತ್ತು ಇನ್ನೂ ಕೆಟ್ಟದ್ದು. ಆ ಚೀಟಿ ಹಿಡಿದು, ಬೆಳಗಿನ ಕೆಲಸ ಮುಗಿದ ಮೇಲೆ, ಲಾಯ ನಡೆಸುವವರೊಬ್ಬರೇ ಇದ್ದಾಗ ಹೋಗು. "ಸಾರ್, ಡಾಕ್ಟರು ಹೀಗೆ ಬರೆದುಕೊಟ್ಟಿದ್ದಾರೆ. ಸೋಮವಾರ ಬೆನ್ನ ಮೇಲೆ ಜೀನಿನ ಗುರುತಿತ್ತು, ಫೋಟೋ ಇದೆ. ಮುಂದಿನ ಸ್ಕ್ಯಾನ್‌ವರೆಗೂ ಯಾರೂ ಹತ್ತದ ಹಾಗೆ ನೀವೇ ಎಲ್ಲರಿಗೂ ಹೇಳಬೇಕು." ಇಷ್ಟೇ ಮಾತು. ಅವತ್ತೇ ಸಂಜೆ ಅದನ್ನೇ ವಾಟ್ಸಾಪಿನಲ್ಲಿ ಬರೆದು, ಚೀಟಿಯ ಫೋಟೋ ಜೊತೆ ಕಳಿಸು. ಹೇಳಿಯೇ ಇರಲಿಲ್ಲ ಎಂಬ ಮಾತು ಆಮೇಲೆ ಬರಬಾರದು.

ಬಾಗಿಲಿಗೆ ಒಂದು ಹಲಗೆ ಹಾಕು. ಕನ್ನಡದಲ್ಲೂ ಹಿಂದಿಯಲ್ಲೂ "ಕಾಲು ಗಾಯ, ಸವಾರಿ ಇಲ್ಲ" ಎಂದು ಬರೆಸು. ಓದಲು ಬಾರದವರೂ ಇರುತ್ತಾರೆ, ಅದಕ್ಕೆ ಮುಖಕ್ಕೆ ಹಾಕುವ ಹಾಲ್ಟರಿಗೆ ಕೆಂಪು ಬಟ್ಟೆ ಕಟ್ಟಿ ಅದರ ಅರ್ಥ ಸೈಸ್‌ಗೆ ನೀನೇ ಹೇಳು. ಅವನನ್ನು ಕೂಡಿಸಿಕೊಂಡು ಬಲಗಾಲನ್ನು ಅವನ ಕೈಯಿಂದಲೇ ಮುಟ್ಟಿಸು, ಎಲ್ಲಿ ಹರಿದಿದೆ ಎಂದು ತೋರಿಸು. ನಿನ್ನ ಭಯಕ್ಕೆ ನನಗೆ ಗೊತ್ತಿರುವ ದೊಡ್ಡ ಔಷಧ ಇದೇ. ಕಾಲು ಮುಟ್ಟಿ ನೋಡಿದವನು, ನಡೆಸುವ ನಿಮಿಷಗಳ ಲೆಕ್ಕ ಇಟ್ಟವನು ಆ ಕುದುರೆಯ ಪರ ಆಗುತ್ತಾನೆ. ಮೇಲಿನವರು "ತಾ" ಅಂದರೂ "ಮೇಡಂ ಬೇಡ ಅಂದಿದ್ದಾರೆ" ಅನ್ನಲು ಅವನಿಗೊಂದು ಆಸರೆ ಬೇಕು, ಆ ಆಸರೆ ನಿನ್ನ ಚೀಟಿ.

ಜೀನು, ಲಗಾಮು ಮನೆಗೆ ತಂದಿಡಲೇ ಎಂದು ಕೇಳಿದ್ದೀಯ. ತಂದಿಡು, ಆದರೆ ಅಷ್ಟರಿಂದ ನಿಲ್ಲುತ್ತದೆ ಎಂದುಕೊಳ್ಳಬೇಡ. ಲಾಯದ ಬೇರೆ ಜೀನು ಹಾಕುತ್ತಾರೆ. ಓಟದ ಕುದುರೆಯ ಎತ್ತರದ ಹೆಗಲಿಗೆ ಅದು ಕೂರದೆ ದಿಬ್ಬದ ಮೇಲೆ ಒತ್ತಿ ಹುಣ್ಣಾಗುತ್ತದೆ. ಅದನ್ನೂ ದಿನಾ ಸವರಿ ನೋಡು. ಅಲ್ಲಿಯೇ ಇಡುವುದಾದರೆ ರಿಕಾಪಿನ ಪಟ್ಟಿ ಎಷ್ಟನೇ ತೂತಿನಲ್ಲಿದೆ ಎಂದು ಬರೆದಿಟ್ಟುಕೋ, ಹೊಟ್ಟೆಪಟ್ಟಿಯ ಕೊಂಡಿಗೆ ಹೊಲಿಗೆ ದಾರ ಒಂದು ಸುತ್ತು ಕಟ್ಟು. ದಾರ ಹರಿದಿದ್ದರೆ ಯಾರೋ ಎತ್ತಿದ್ದಾರೆ. ಕುದುರೆಯ ಬಾಗಿಲಿಗೆ ಮಾತ್ರ ಬೀಗ ಹಾಕಬೇಡ, ಇದೊಂದನ್ನು ಅಪ್ಪಣೆ ಅಂತಲೇ ತಿಳಿ. ರಾತ್ರಿ ಹೊಟ್ಟೆನೋವು ಬಂದರೆ, ಬೆಂಕಿ ಬಿದ್ದರೆ, ಬಾಗಿಲು ಆ ಕ್ಷಣ ತೆರೆಯಬೇಕು.

ಮತ್ತೆ ನಿನ್ನ ಆ ಸಾಲಿಗೇ ಬಂದೆ. ಕೇಳಿದ ಮೇಲೆ ಏನಾದರೂ ಮಾಡುತ್ತಾರಾ ಎಂದು ರಾತ್ರಿಯೆಲ್ಲ ಊಹೆ ಮಾಡುತ್ತ ಮಲಗಬೇಡ, ಅಳೆದು ನೋಡು. ಕೇಳುವ ಮೊದಲೇ ಒಂದು ಸಲ ಅಳೆದಿಡು. ಟೇಪನ್ನು ಮುಂಗಾಲಿನ ಹಿಂದೆ ಎದೆಯ ಸುತ್ತ ಹಿಡಿದು ಸೆಂಟಿಮೀಟರ್ ಬರೆದುಕೋ. ಭುಜದ ಮೂಳೆಯ ತುದಿಯಿಂದ ಹಿಂದಿನ ಪೃಷ್ಠದ ಮೂಳೆಯ ತುದಿಯವರೆಗೆ ಉದ್ದ ಬರೆದುಕೋ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ತೂಕ ಕಿಲೋದಲ್ಲಿ ಬರುತ್ತದೆ. 180 ಸುತ್ತಳತೆ, 160 ಉದ್ದ ಇದ್ದರೆ ಸುಮಾರು 436. 15 ದಿನಕ್ಕೊಮ್ಮೆ ಅದೇ ಹೊತ್ತಿಗೆ ಅಳೆ. ಅಷ್ಟು ತೂಕದ ಕುದುರೆಗೆ ದಿನಕ್ಕೆ 7ರಿಂದ 8 ಕಿಲೋ ಒಣಹುಲ್ಲು ಹೋಗಬೇಕು. ನೀರು 20 ಲೀಟರಿಗಿಂತ ಕಡಿಮೆ ಕುಡಿದರೆ ಯಾಕೆಂದು ಕೇಳು. ಹೋಗುವ ಹೊತ್ತನ್ನು ಬದಲಾಯಿಸುತ್ತಿರು, ಒಮ್ಮೆ ಬೆಳಗ್ಗೆ ಐದೂವರೆ, ಒಮ್ಮೆ ಮಧ್ಯಾಹ್ನ. ಪಕ್ಕದಲ್ಲಿ ಕುದುರೆ ಕಟ್ಟಿರುವ ಇನ್ನೊಬ್ಬರ ಸ್ನೇಹ ಮಾಡಿಕೋ. ನೀನಿಲ್ಲದ ದಿನ ಅವರು ಒಂದು ಫೋಟೋ ಕಳಿಸಿದರೂ ಸಾಕು.

ಕಾನೂನಿನ ಮಾತು ಎತ್ತಲು ನನಗೆ ಸಂಕೋಚ, ನಾನು ವಕೀಲನಲ್ಲ. ಆದರೂ ನಿನಗೆ ಬೆನ್ನು ಗಟ್ಟಿಯಾಗಲಿ ಎಂದು ಬರೆಯುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 154ನೇ ಕಲಮು, ನಂಬಿ ಒಪ್ಪಿಸಿದ ಸ್ವತ್ತನ್ನು ಒಪ್ಪಂದಕ್ಕೆ ಹೊರತಾಗಿ ಬಳಸಿದರೆ ಆಗುವ ನಷ್ಟಕ್ಕೆ ಬಳಸಿದವರೇ ಹೊಣೆ ಅನ್ನುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಯೂ ಕುದುರೆಯದೇ. ಕಲ್ಕತ್ತೆಯಿಂದ ಬನಾರಸ್‌ಗೆ ಎಂದು ಬಾಡಿಗೆಗೆ ಪಡೆದ ಕುದುರೆಯನ್ನು ಕಟಕ್‌ಗೆ ಓಡಿಸಿದರೆ, ಎಷ್ಟೇ ಜೋಪಾನವಾಗಿ ಸವಾರಿ ಮಾಡಿದ್ದರೂ ಅದು ಬಿದ್ದು ಗಾಯವಾದರೆ ಹಣ ಕಟ್ಟಿಕೊಡಬೇಕು. 153ನೇ ಕಲಮಿನಂತೆ ಅಂಥ ಹೊತ್ತಿನಲ್ಲಿ ಕರಾರನ್ನು ಮುರಿಯುವ ಹಕ್ಕು ಒಪ್ಪಿಸಿದವರಿಗೆ ಇದೆ. ಗಾಯವಾದ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರವೂ ತಪ್ಪು. ಇದನ್ನು ಮೊದಲ ಮಾತಿಗೇ ಅವರ ಮುಂದೆ ಇಡಬೇಡ, ನಿನ್ನ ಮನಸ್ಸಿನಲ್ಲಿರಲಿ. ಮೊದಲು ನೀನು ಸಹಿ ಹಾಕಿದ ಕಾಗದ ತೆಗೆದು ಓದು. ಬಾಡಿಗೆ ಕಡಿಮೆ ಮಾಡಿ, ಅದರ ಬದಲು ಕುದುರೆಯನ್ನು ತರಗತಿಗೆ ಬಳಸಬಹುದು ಎಂಬ ಸಾಲು ಎಲ್ಲಾದರೂ ಸೇರಿದೆಯೋ ನೋಡು. ಇದ್ದರೆ ಅದನ್ನು ಬರವಣಿಗೆಯಲ್ಲೇ ತೆಗೆಸು.

ಎರಡು ಸಲ ಹೇಳಿದ ಮೇಲೂ ಜೀನಿನ ಗುರುತು ಕಂಡರೆ ಮೂರನೇ ಸಲ ಹೇಳುವುದು ಬೇಡ, ಬೇರೆ ಜಾಗ ನೋಡು. ಜಾಗ ಗೊತ್ತಾದ ಮೇಲೆ ಇಲ್ಲಿ ತಿಳಿಸು. ಬಾಕಿಯೆಲ್ಲ ಕಟ್ಟಿ ರಸೀದಿ ತೆಗೆದುಕೋ, ಕುದುರೆ ತಡೆಯಲು ನೆಪ ಉಳಿಯಬಾರದು. ಲಸಿಕೆ ಪುಸ್ತಕ, ಸ್ಕ್ಯಾನ್ ವರದಿಗಳು ಈಗಲೇ ನಿನ್ನ ಕೈಯಲ್ಲಿರಲಿ. ಗ್ಲಾಂಡರ್ಸ್ ಎಂಬ ಅಂಟುರೋಗದ ರಕ್ತಪರೀಕ್ಷೆಯ ವರದಿಯನ್ನೂ ಹೊಸ ಲಾಯದವರು ಕೇಳಬಹುದು. ಸಾಗಿಸುವ ದಿನ ನಾಲ್ಕು ಕಾಲಿಗೂ ಪಟ್ಟಿ ಕಟ್ಟಿಸು.

ನೀನೊಬ್ಬಳೇ ಹೋಗಿ ಮಾತಾಡುವುದು ಕಷ್ಟ ಅನ್ನಿಸಿದರೆ ಹೇಳು, ಶನಿವಾರ ರಾತ್ರಿಯೇ ಹೊರಟು ಬರುತ್ತೇನೆ. ನಾನೇನೂ ಮಾತಾಡುವುದಿಲ್ಲ, ನಿನ್ನ ಪಕ್ಕದಲ್ಲಿ ನಿಂತಿರುತ್ತೇನೆ. ಈ ಕಾಗದ ತಲುಪಿದ ದಿನ ಚಂದ್ರಿಯ ಬಲಗಾಲು ಎಡಗಾಲಿಗಿಂತ ಬಿಸಿ ಇತ್ತೋ ಇಲ್ಲವೋ, ಅಷ್ಟನ್ನಾದರೂ ಬರೆದು ಕಳಿಸು.

ಇಂತಿ ನಿನ್ನ
ದೊಡ್ಡಪ್ಪ