ರೊಮಾನ್ಶ್ ಪದ ಹಾಕುವ ಮುನ್ನ

ಸದಸ್ಯರೇ, ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡೆನ್ ಪ್ರಾಂತ್ಯದ ರೊಮಾನ್ಶ್ ನುಡಿಯ ಪದಗಳನ್ನು ಗುಂಪಿಗೆ ಹಾಕುವಾಗ, ಅದು ಯಾವ ಒಳನುಡಿಯದು ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಬರಹದ ರೂಢಿ ಪಡೆದ ಒಳನುಡಿಗಳು ಐದು: ಸುರ್ಸಿಲ್ವನ್, ಸುತ್ಸಿಲ್ವನ್, ಸುರ್ಮಿರನ್, ಪುತೇರ್, ವಲ್ಲಾದೇರ್. ಆರನೆಯದು 1982ರಲ್ಲಿ ಹೈನ್ರಿಶ್ ಶ್ಮಿಡ್ ರೂಪಿಸಿದ ಸಾಮಾನ್ಯ ಬರಹ ರೂಪ, ರುಮಾಂಚ್ ಗ್ರಿಶುನ್. ಇದು ಯಾವ ಕಣಿವೆಯ ಮನೆಮಾತೂ ಅಲ್ಲ, ಕಚೇರಿ ಕಾಗದಗಳಿಗೆ ಅನುಕೂಲವಾದ ರೂಪ.

ಬೆರೆಸಿದರೆ ಏನಾಗುತ್ತದೆ ನೋಡಿ. ‘ನಾನು’ ಎನ್ನಲು ಸುರ್ಸಿಲ್ವನ್‌ನಲ್ಲಿ ‘ಯೆವ್’, ವಲ್ಲಾದೇರ್‌ನಲ್ಲಿ ‘ಎವ್’. ಮನೆಗೆ ಮೊದಲನೆಯದರಲ್ಲಿ ‘ಕಾಸ’, ಎರಡನೆಯದರಲ್ಲಿ ‘ಚಾಸ’.

ಹೆಚ್ಚು ತಪ್ಪಾಗುವುದು ಓದುವಾಗ. ರೋಮನ್ ಲಿಪಿಯ ‘ಸಿ-ಎಚ್’ ಜೋಡಿಗೆ ಪುತೇರ್, ವಲ್ಲಾದೇರ್‌ಗಳಲ್ಲಿ ಸಾಮಾನ್ಯವಾಗಿ ‘ಚ’ಕ್ಕೆ ಹತ್ತಿರದ ಉಚ್ಚಾರ, ಸುರ್ಸಿಲ್ವನ್‌ನಲ್ಲಿ ‘ಇ’, ‘ಎ’ ಮುಂದೆ ಬಂದಾಗ ಅದೇ ಜೋಡಿ ‘ಕ’. ಅಲ್ಲಿ ‘ಚ’ಕ್ಕೆ ‘ಟಿ-ಜಿ’ ಬರೆಯುತ್ತಾರೆ. ಆದ್ದರಿಂದ ಕನ್ನಡ ಲಿಪಿಯ ಜೊತೆ ಧ್ವನಿಮುದ್ರಿಕೆಯನ್ನೂ ಹಾಕಿ, ಮಾತಾಡಿದವರ ಊರಿನ ಹೆಸರನ್ನೂ ಸೇರಿಸಿ.

1938ರ ಜನಮತದಿಂದ ರಾಷ್ಟ್ರಭಾಷೆಯಾದ ನುಡಿಯಿದು. ಆದರೂ 2000ದ ಜನಗಣತಿಯಲ್ಲಿ ಇದೇ ತಮ್ಮ ಮುಖ್ಯ ಭಾಷೆ ಎಂದವರು 35,095 ಮಂದಿ ಮಾತ್ರ. ಸುತ್ಸಿಲ್ವನ್ ಆಡುವವರು ಎಲ್ಲಕ್ಕಿಂತ ಕಡಿಮೆ; ಆ ಪದಗಳು ಸಿಕ್ಕರೆ ದಯವಿಟ್ಟು ಒಂದನ್ನೂ ಬಿಡಬೇಡಿ.